ಆರಿದ್ರೆ ನಿಜಕ್ಕೂ ಕೆಂಪೇ?

ನೆತ್ತಿಯ ಕಿಂಡಿ

ಜನವರಿ ನಡುಭಾಗ, ರಾತ್ರಿ ಒಂಬತ್ತರ ಮೇಲೆ. ತಿಪಟೂರು ಸೀಮೆಯ ತೋಟದಲ್ಲಿ ನಿಂತವರಿಗೆ ದಿಗಂತ ಎಂಬುದೇ ಇಲ್ಲ. ನಾಲ್ಕೂ ಕಡೆ ತೆಂಗಿನ ಗರಿ. ಉಳಿಯುವುದು ನೆತ್ತಿಯ ಮೇಲಿನ ಒಂದು ಕಿಂಡಿ. ಈ ತಿಂಗಳಲ್ಲಿ ಆ ಕಿಂಡಿಗೆ ಬರುವವರೆಲ್ಲ ದೊಡ್ಡ ಕುಳಗಳು. ಹೆಚ್ಚುಕಡಿಮೆ ನಡುನೆತ್ತಿಯಲ್ಲಿ ರೋಹಿಣಿ, ಕಿತ್ತಳೆ ಬಣ್ಣ. ಅದರ ಪೂರ್ವಕ್ಕೆ, ಮಹಾವ್ಯಾಧ ನಕ್ಷತ್ರಪುಂಜದ ಹೆಗಲಲ್ಲಿ, ಆರಿದ್ರೆ, ಇನ್ನೂ ಕೆಂಪು. ಅದೇ ಮಹಾವ್ಯಾಧನ ಕಾಲಿನ ಬಳಿ ರಿಗೆಲ್, ಬಿಳಿಯಲ್ಲಿ ಕೊಂಚ ನೀಲಿ. ಉತ್ತರಕ್ಕೆ ಬ್ರಹ್ಮಹೃದಯ, ತಿಳಿ ಹಳದಿ. ಆಗ್ನೇಯಕ್ಕೆ, ಗರಿಗಳ ಸಂದಿಯಲ್ಲಿ, ಲುಬ್ಧಕ. ಅಚ್ಚ ಬಿಳಿ.

ಪುಸ್ತಕ ಹೇಳುವ ಮೇಲ್ಮೈ ಉಷ್ಣತೆ, ಸುಮಾರಿನ ಲೆಕ್ಕದಲ್ಲಿ: ಆರಿದ್ರೆ 3,600 ಕೆಲ್ವಿನ್, ರೋಹಿಣಿ 3,900, ಬ್ರಹ್ಮಹೃದಯ 5,000, ನಮ್ಮ ಸೂರ್ಯ 5,800, ಲುಬ್ಧಕ 9,900, ರಿಗೆಲ್ 12,000. ಕೆಲ್ವಿನ್‌ನಲ್ಲಿ 273 ಕಳೆದರೆ ಸೆಲ್ಸಿಯಸ್. ಕೆಂಪಗಿದ್ದದ್ದು ತಣ್ಣಗೆ, ನೀಲಿಗೆ ತಿರುಗಿದ್ದು ಬಿಸಿ. ಪಟ್ಟಿ ಅಚ್ಚುಕಟ್ಟಾಗಿದೆ. ಮುಟ್ಟದೆ, ಹತ್ತಿರ ಹೋಗದೆ, ಬರೀ ಬಣ್ಣ ನೋಡಿ ಇಷ್ಟು ಧೈರ್ಯವಾಗಿ ಹೇಳಲು ಯಾವ ಆಧಾರ?

ಹೆಸರು ಜೂನ್‌ನಲ್ಲಿ, ಮುಖ ಜನವರಿಯಲ್ಲಿ

ಆರಿದ್ರೆಯ ಹೆಸರೆತ್ತದ ರೈತರು ಇಲ್ಲಿಲ್ಲ. ಜೂನ್ 21, 22ರ ಸುಮಾರಿಗೆ ಆರಿದ್ರೆ ಮಳೆ ಹುಟ್ಟುತ್ತದೆ; ಅದಕ್ಕೆ ಮುಂಚೆ ರೋಹಿಣಿ, ಮೃಗಶಿರ. ಆರಿದ್ರೆ ಕೈಕೊಟ್ಟರೆ ದಾರಿದ್ರ್ಯ ಎಂಬ ಮಾತು ರೂಢಿಯಲ್ಲಿದೆ. ಆದರೆ ಆ ಮಳೆಯ ದಿನಗಳಲ್ಲಿ ಆ ನಕ್ಷತ್ರವನ್ನು ಯಾರೂ ನೋಡಲಾರರು. ಸೂರ್ಯ ಆಕಾಶದ ಆ ಭಾಗಕ್ಕೆ ಬಂದಾಗಲೇ ಮಳೆಗೆ ಆ ಹೆಸರು; ಹಾಗಾಗಿ ನಕ್ಷತ್ರ ಸೂರ್ಯನ ಜೊತೆಯಲ್ಲೇ ಹುಟ್ಟಿ, ಸೂರ್ಯನ ಜೊತೆಯಲ್ಲೇ ಮುಳುಗುತ್ತದೆ. ಬಾಯಲ್ಲಿ ಹೆಸರು ಆಡುವುದು ಮುಂಗಾರಿನಲ್ಲಿ, ಮುಖ ಕಾಣುವುದು ಚಳಿಗಾಲದಲ್ಲಿ. ಮಳೆ ಲೆಕ್ಕ ಬಾಯಿಪಾಠ ಇರುವ ಎಷ್ಟೋ ಜನ ಆರಿದ್ರೆಯ ಬಣ್ಣ ಕೇಳಿದರೆ ತಬ್ಬಿಬ್ಬಾಗುವುದು ಇದಕ್ಕೇ ಇರಬೇಕು.

ಚಿಪ್ಪಿನ ಬೆಂಕಿ

ಕೊಬ್ಬರಿ ಸುಲಿದ ಮೇಲೆ ರಾಶಿ ಬೀಳುವ ಚಿಪ್ಪು ಒಳ್ಳೆಯ ಉರುವಲು. ಮೊದಲು ಎಣ್ಣೆ ಅಂಶ ಉರಿದು ಹಳದಿ ಜ್ವಾಲೆ, ಕಪ್ಪು ಹೊಗೆ. ಅದು ಇಳಿದ ಮೇಲೆ ಉಳಿಯುವ ಕೆಂಡವೇ ನೋಡಬೇಕಾದದ್ದು. ಸುಮ್ಮನೆ ಬಿಟ್ಟರೆ ಮಂಕು ಕೆಂಪು. ಊದುಗೊಳವೆ ಹಿಡಿದು ಒಂದೇ ಸಮ ಊದಿದರೆ ಗಾಳಿ ತಗುಲಿದ ಜಾಗ ಮಾತ್ರ ಕಿತ್ತಳೆಗೆ ಏರುತ್ತದೆ. ಉಸಿರು ನಿಂತ ಕ್ಷಣ ಮತ್ತೆ ಕೆಂಪಿಗೆ ಇಳಿಯುತ್ತದೆ. ಚಿಪ್ಪಿನ ಅಂಚು ತೆಳು, ಬೇಗ ಕಾಯುತ್ತದೆ, ಬೇಗ ಆರುತ್ತದೆ. ಮೂರು ಕಣ್ಣಿನ ಕಡೆ ದಪ್ಪ, ನಿಧಾನ. ಒಂದೇ ಚಿಪ್ಪಿನಲ್ಲಿ ಏಕಕಾಲಕ್ಕೆ ಎರಡು ಬಣ್ಣ.

ಅದೇ ಕೆಂಡದ ಹೊಟ್ಟೆಯೊಳಗೆ ಒಂದು ಕಬ್ಬಿಣದ ಮೊಳೆ, ಒಂದು ಹೆಂಚಿನ ಚೂರು ತೂರಿಸಿ ಬಿಡಿ. ಸ್ವಲ್ಪ ಹೊತ್ತಿನ ಮೇಲೆ ಇಣುಕಿದರೆ ಯಾವುದು ಮೊಳೆ, ಯಾವುದು ಹೆಂಚು, ಯಾವುದು ಇದ್ದಿಲು ಎಂದು ಗುರುತಿಸುವುದೇ ಕಷ್ಟ. ಮೂರಕ್ಕೂ ಒಂದೇ ಬಣ್ಣ. ಹೊರಗೆಳೆದ ಮೇಲೆ ಮತ್ತೆ ಮೊಳೆ ಮೊಳೆಯಾಗುತ್ತದೆ, ಹೆಂಚು ಹೆಂಚಾಗುತ್ತದೆ.

ಇದನ್ನು ಬರೆದಿಟ್ಟವರಲ್ಲಿ ಮೊದಲಿಗ ಇಂಗ್ಲೆಂಡಿನ ಥಾಮಸ್ ವೆಜ್‌ವುಡ್, 1792ರಲ್ಲಿ. ಪಿಂಗಾಣಿ ತಯಾರಿಸುವ ಹೆಸರಾಂತ ಮನೆತನದವನು. ಕುಂಬಾರಿಕೆಯ ಭಟ್ಟಿಗಳ ನಡುವೆ ಬೆಳೆದವನು. ವಸ್ತು ಯಾವುದೇ ಇರಲಿ, ಕೆಂಪಾಗತೊಡಗುವುದು ಒಂದೇ ಕಾವಿಗೆ ಎಂದು ಅವನು ಕಂಡ. 1847ರಲ್ಲಿ ಜಾನ್ ಡ್ರೇಪರ್ ಆ ಕಾವನ್ನು ಅಳೆದ: ಸುಮಾರು 525 ಡಿಗ್ರಿ ಸೆಲ್ಸಿಯಸ್.

ನನಗೆ ಇಡೀ ವಿಷಯದ ಗಂಟು ಇಲ್ಲೇ ಇದೆ ಅನ್ನಿಸುತ್ತದೆ. ಕಾದ ವಸ್ತುವಿನ ಬಣ್ಣ ‘ನೀನು ಏನು’ ಎಂದು ಹೇಳುವುದಿಲ್ಲ, ‘ನೀನು ಎಷ್ಟು ಕಾದಿದ್ದೀಯ’ ಎಂದು ಮಾತ್ರ ಹೇಳುತ್ತದೆ. ಹಾಗಿದ್ದರೆ ನಕ್ಷತ್ರ ಯಾವುದರಿಂದ ಆಗಿದೆ ಎಂದು ಗೊತ್ತಿಲ್ಲದೆಯೂ ಅದರ ಕಾವು ಹೇಳಬಹುದು.

ಕುಲುಮೆಯ ಲೆಕ್ಕ

ಮಚ್ಚು ಬಡಿಯುವವರಿಗೆ ಉಷ್ಣಮಾಪಕ ಬೇಕಿಲ್ಲ. ದಟ್ಟ ಕೆಂಪು ಎಂದರೆ 700 ಡಿಗ್ರಿ ಆಸುಪಾಸು, ಕಿತ್ತಳೆ 900 ದಾಟಿತು, ಹಳದಿ 1,100, ಬಿಳಿಗೆ ಬಂತೆಂದರೆ 1,300ರ ಹತ್ತಿರ. ಇನ್ನು ಬಿಟ್ಟರೆ ಕಿಡಿ ಹಾರಿ ಕಬ್ಬಿಣವೇ ಸುಟ್ಟುಹೋಗುತ್ತದೆ. ಕುಲುಮೆಗೆ ತಗ್ಗು ಮಾಡು, ಮಬ್ಬು ಬೆಳಕು ಯಾಕೆ ಎಂದರೆ ಇದಕ್ಕೇ. ಬಿಸಿಲಿನಲ್ಲಿ ಕೆಂಪು ಕಾಣದು. ಕಾವಿನ ಅಂದಾಜು ತಪ್ಪುತ್ತದೆ.

ಕಾವು ಏರಿದಂತೆ ಕೆಂಪು ಕಡಿಮೆಯಾಗಿ ಆ ಜಾಗಕ್ಕೆ ನೀಲಿ ಬರುತ್ತದೆ ಎಂದುಕೊಳ್ಳುವವರಿದ್ದಾರೆ. ಹಾಗಲ್ಲ. ಎಲ್ಲ ಬಣ್ಣಗಳೂ ಹೆಚ್ಚುತ್ತವೆ. ನೀಲಿ ಉಳಿದವಕ್ಕಿಂತ ವೇಗವಾಗಿ ಹೆಚ್ಚುತ್ತದೆ. ಬೆಳಕು ಅತಿ ಹೆಚ್ಚು ಸೂಸುವ ತರಂಗಾಂತರ ಯಾವುದು ಎಂಬುದಕ್ಕೆ ವಿಲ್‌ಹೆಲ್ಮ್ ವೀನ್ 1893ರಲ್ಲಿ ಒಂದು ಸರಳ ಲೆಕ್ಕ ಕೊಟ್ಟ: 29 ಲಕ್ಷವನ್ನು ಕೆಲ್ವಿನ್‌ನಿಂದ ಭಾಗಿಸಿ, ನ್ಯಾನೊಮೀಟರ್‌ನಲ್ಲಿ ಉತ್ತರ. ಸೂರ್ಯನಿಗೆ 500, ಅಂದರೆ ಹಸಿರಿನ ಹತ್ತಿರ. ಲುಬ್ಧಕನಿಗೆ ಸುಮಾರು 290, ಅತಿನೇರಳೆ. ಆರಿದ್ರೆಗೆ ಸುಮಾರು 800, ಅವಕೆಂಪು. ಕುಲುಮೆಯ ಕೆಂಪು ಕಬ್ಬಿಣಕ್ಕೆ ಸುಮಾರು 3,000. ಅದು ಸೂಸುವುದರಲ್ಲಿ ಕಣ್ಣಿಗೆ ಕಾಣುವುದು ಒಂದು ಚೂರು, ಉಳಿದದ್ದೆಲ್ಲ ಮುಖಕ್ಕೆ ತಾಕುವ ಕಾವು. ಮನುಷ್ಯನ ಮೈ 310 ಕೆಲ್ವಿನ್. ಭಾಗಾಕಾರ ಮಾಡಿದರೆ 9,300ರ ಸುಮಾರು ಬರುತ್ತದೆ. ಕೊರೊನಾ ಕಾಲದಲ್ಲಿ ಅಂಗಡಿ, ಕಚೇರಿಗಳ ಬಾಗಿಲಲ್ಲಿ ಹಣೆಗೆ ಹಿಡಿದ ಗನ್ ಓದುತ್ತಿದ್ದದ್ದು ಈ ಬೆಳಕನ್ನೇ. ನಕ್ಷತ್ರಕ್ಕೂ ನಮಗೂ ಒಂದೇ ನಿಯಮ.

ಬಲ್ಬಿನ ಡಬ್ಬಿ

ಇಲ್ಲಿಂದ ತಲೆಕೆಟ್ಟಿತು. ಕರೆಂಟಿನ ಅಂಗಡಿಯಲ್ಲಿ ಎಲ್‌ಇಡಿ ಬಲ್ಬಿನ ಡಬ್ಬಿ ತಿರುಗಿಸಿದರೆ ಅಲ್ಲೂ ಕೆಲ್ವಿನ್: ಬಿಳಿಯದಕ್ಕೆ 6,500, ಹಳದಿಗೆ 2,700 ಅಥವಾ 3,000. ಎಲ್‌ಇಡಿ ಒಳಗೆ ಅಷ್ಟು ಕಾವೇನೂ ಇಲ್ಲ. ನೀಲಿ ಬೆಳಕು ಸೂಸುವ ಚಿಪ್‌ನ ಮೇಲೆ ಹಳದಿ ಲೇಪ. ಅಷ್ಟು ಕಾದ ವಸ್ತುವಿನ ಬಣ್ಣ ಇದಕ್ಕಿದೆ ಎಂದಷ್ಟೇ ಅರ್ಥ. ಆದರೆ ಹಳೆಯ ಅರವತ್ತು ಕ್ಯಾಂಡಲ್ ಬಲ್ಬಿನ ತಂತಿ ನಿಜವಾಗಿಯೂ 2,700 ಕೆಲ್ವಿನ್‌ಗೆ ಕಾಯುತ್ತಿತ್ತು.

ಈಗ ಪಟ್ಟಿಯ ಕೆಳತುದಿ ನೋಡಿ. ಆರಿದ್ರೆ 3,600. ಅಂದರೆ ‘ತಣ್ಣನೆಯ ಕೆಂಪು ನಕ್ಷತ್ರ’ ನಮ್ಮ ಹಜಾರದ ಹಳೆಯ ಬಲ್ಬಿಗಿಂತ ಬಿಸಿ! ಬಲ್ಬಿನ ತಂತಿಯ ಟಂಗ್‌ಸ್ಟನ್ ಕರಗುವುದು 3,695 ಕೆಲ್ವಿನ್‌ಗೆ. ಆರಿದ್ರೆಯ ಮೇಲ್ಮೈ ಹೆಚ್ಚುಕಡಿಮೆ ಅದೇ ಕಾವಿನಲ್ಲಿದೆ. ಕಬ್ಬಿಣ ಅಲ್ಲಿ ಕರಗುವುದಿರಲಿ, ಆವಿಯಾಗುತ್ತದೆ. ಬಣ್ಣವೆಂಬುದು ಕಾವಿನ ಮಾತೇ ಆಗಿದ್ದರೆ ಆರಿದ್ರೆ ಆ ಬಲ್ಬಿಗಿಂತ ಬೆಳ್ಳಗಿರಬೇಕು. ಆ ಬಲ್ಬನ್ನು ಯಾರೂ ಕೆಂಪು ಎಂದವರಿಲ್ಲ. ಕೆಂಡದ ಕೆಂಪು ಸಾವಿರ ಕೆಲ್ವಿನ್ನಿನದು, ಆರಿದ್ರೆಯ ‘ಕೆಂಪು’ ಅದರ ಮೂರೂವರೆ ಪಟ್ಟು ಕಾವಿನದು. ಎರಡಕ್ಕೂ ಒಂದೇ ಹೆಸರು ಹೇಗೆ?

ಕಣ್ಣಿನ ಪಾಲು

ಸಿಕ್ಕ ಸಮಾಧಾನ ಇಷ್ಟು. ಬಣ್ಣ ಗುರುತಿಸುವ ಶಂಕುಕೋಶಗಳಿಗೆ ಬೆಳಕು ಸಾಕಷ್ಟು ಬೇಕು. ಮಂದ ಬೆಳಕಿನಲ್ಲಿ ಕೆಲಸ ಮಾಡುವ ದಂಡಕೋಶಗಳಿಗೆ ಬಣ್ಣವೇ ತಿಳಿಯದು. ಅದಕ್ಕೇ ಸಾವಿರಾರು ಮಂಕು ನಕ್ಷತ್ರಗಳು ಬೂದುಬಿಳಿ. ಬಣ್ಣ ತೋರುವುದು ಪ್ರಕಾಶಮಾನವಾದ ಕೆಲವು ಮಾತ್ರ. ಆ ಕೆಲವೂ ಬಣ್ಣ ಪಡೆಯುವುದು ಅಕ್ಕಪಕ್ಕದವರನ್ನು ನೋಡಿ. ಕೋಣೆಯಲ್ಲಿ ಹಳೆಯ ಬಲ್ಬು ಒಂದೇ ಇದ್ದಾಗ ಅದರ ಬೆಳಕನ್ನೇ ಬಿಳಿ ಎಂದು ಮನಸ್ಸು ಒಪ್ಪಿಕೊಳ್ಳುತ್ತದೆ. ಪಕ್ಕದಲ್ಲಿ ಟ್ಯೂಬ್‌ಲೈಟ್ ಹಾಕಿದೊಡನೆ ಬಲ್ಬು ಹಳದಿಯಾಗುತ್ತದೆ. ಆರಿದ್ರೆಯ ಪಾಡೂ ಇದೇ. ಅದರ ಸುತ್ತ ರಿಗೆಲ್, ಮಹಾವ್ಯಾಧನ ನಡುಕಟ್ಟಿನ ಮೂರು ನಕ್ಷತ್ರ, ಎಲ್ಲವೂ ನೀಲಿ ಕಡೆಯವು. ಆ ನೆರೆಹೊರೆಯಲ್ಲಿ 3,600 ಕೆಲ್ವಿನ್ ಕೆಂಪಾಗಿಯೇ ಕಾಣಬೇಕು.

ಒಂದು ಉಪಾಯ: ಬೈನಾಕ್ಯುಲರ್ ಹಿಡಿದು, ಬೇಕೆಂದೇ ಫೋಕಸ್ ಸ್ವಲ್ಪ ಕೆಡಿಸಿ. ಚುಕ್ಕಿ ಹಿಗ್ಗಿ ಬಿಲ್ಲೆಯಾಗುತ್ತದೆ, ಬಣ್ಣ ಎದ್ದು ಕಾಣುತ್ತದೆ. ಹೀಗೆ ನೋಡಿದಾಗ ಆರಿದ್ರೆ ಹೊಂಬಣ್ಣಕ್ಕೆ ಹತ್ತಿರ, ಕೆಂಡಕ್ಕೆ ದೂರ.

ಹಸಿರು ಯಾಕಿಲ್ಲ

ಎಲ್ಲಿ ನೋಡಿದರೂ ಹಸಿರಿರುವ ಸೀಮೆಯಲ್ಲಿ ಕೂತು ಕೇಳಬೇಕಾದ ಪ್ರಶ್ನೆಯೇ. ಸೂರ್ಯನ ಗರಿಷ್ಠ ಹಸಿರಿನ ಬಳಿ ಇದ್ದರೂ ಸೂರ್ಯ ಹಸಿರಲ್ಲ. ಕಾದ ವಸ್ತು ಒಂದೇ ಬಣ್ಣ ಸೂಸುವುದಿಲ್ಲ. ಅಗಲವಾದ ಗುಡ್ಡದಂತೆ ಎಲ್ಲ ಬಣ್ಣವನ್ನೂ ಸೂಸುತ್ತದೆ. ಗುಡ್ಡದ ತುದಿ ಹಸಿರಿನಲ್ಲಿದ್ದರೆ ಅತ್ತ ಕೆಂಪೂ ಇತ್ತ ನೀಲಿಯೂ ಧಾರಾಳವಾಗಿರುತ್ತವೆ. ಮೂರೂ ಸೇರಿ ಬಿಳಿ. ತುದಿ ಕೆಂಪಿನಾಚೆ ಸರಿದರೆ ಕಿತ್ತಳೆ, ನೇರಳೆಯಾಚೆ ಸರಿದರೆ ನೀಲಿಬಿಳಿ. ಹಸಿರು ಮಾತ್ರ ಒಂಟಿಯಾಗಿ ಉಳಿಯುವ ಸಂದರ್ಭವೇ ಬರುವುದಿಲ್ಲ. ಸೂರ್ಯ ಹಳದಿ ಎನ್ನುವುದೂ ನಮ್ಮ ಗಾಳಿಯ ಕೊಡುಗೆ; ವಾತಾವರಣದಾಚೆಯಿಂದ ಅದು ಬಿಳಿ.

ಕಾವಿಲ್ಲದ ಬಣ್ಣಗಳು

ಇದು ನನ್ನ ನಿಜವಾದ ತಕರಾರು. ಬಣ್ಣವೆಲ್ಲ ಕಾವಿನ ಬಣ್ಣವಲ್ಲವಲ್ಲ.

ಒಂದು: ಮಂಗಳ. ಕೆಂಪಗಿದೆ, ಆದರೆ ಸರಾಸರಿ ಉಷ್ಣತೆ ಸೊನ್ನೆಗಿಂತ 60 ಡಿಗ್ರಿ ಕೆಳಗೆ. ಅದು ಬೀರುವುದು ಸೂರ್ಯನಿಂದ ಪಡೆದ ಬೆಳಕು, ಬಣ್ಣ ಕಬ್ಬಿಣದ ತುಕ್ಕಿನದು. ಚಿಕ್ಕನಾಯಕನಹಳ್ಳಿ ಕಡೆ ಕಬ್ಬಿಣ, ಮ್ಯಾಂಗನೀಸ್ ಅದಿರು ತೆಗೆಯುವ ಗುಡ್ಡಗಳ ದಾರಿಯಲ್ಲಿ ಬೈಕಿನಲ್ಲಿ ಹೋಗಿಬಂದವರ ಬಿಳಿ ಅಂಗಿಗೂ ಅದೇ ಬಣ್ಣ.

ಎರಡು: ಗ್ಯಾಸ್ ಒಲೆ. ಜ್ವಾಲೆ ನೀಲಿ, ಹಾಗೆಂದು ರಿಗೆಲ್‌ನಷ್ಟು ಬಿಸಿಯಲ್ಲ, 2,000 ಡಿಗ್ರಿ ಸೆಲ್ಸಿಯಸ್ ಒಳಗೇ. ಅಲ್ಲಿನ ನೀಲಿ ಉರಿಯುವ ಅನಿಲದ ಅಣುಗಳು ತಮ್ಮದೇ ಗುರುತಾಗಿ ಬಿಡುವ ಬೆಳಕು. ಚಿಪ್ಪಿನ ಬೆಂಕಿಯ ಹಳದಿ ಜ್ವಾಲೆಯಾದರೋ ಕಾದ ಮಸಿಯ ಕಣಗಳದು. ಅದು ಕಾವಿನ ಬಣ್ಣ.

ಮೂರು, ಮತ್ತು ಇದೇ ಹೆಚ್ಚು ಕಾಡುವುದು: ಮಚ್ಚಿನ ಹದ. ನೀರಿಗೆ ಅದ್ದಿ ಗಡುಸಾದ ಅಲಗನ್ನು ಉಜ್ಜಿ ಹೊಳಪು ಮಾಡಿ ಮತ್ತೆ ಮೆಲ್ಲಗೆ ಕಾಯಿಸಿದರೆ ಅಂಚಿನ ಮೇಲೆ ಬಣ್ಣಗಳು ಹರಿಯುತ್ತವೆ: 220 ಡಿಗ್ರಿ ಸುಮಾರಿಗೆ ತಿಳಿಹಳದಿ, ಆಮೇಲೆ ಕಂದು, ನೇರಳೆ, 300ರ ಹತ್ತಿರ ನೀಲಿ. ಇದು ಹೊಳೆಯುವ ಕಾವಲ್ಲ, ಮೇಲೆ ಕಟ್ಟಿದ ತೆಳು ಪದರದಲ್ಲಿ ಬೆಳಕು ಆಡುವ ಆಟ. ಒಂದೇ ಕುಲುಮೆಯಲ್ಲಿ, ಒಂದೇ ಕಬ್ಬಿಣದ ಮೇಲೆ, 300 ಡಿಗ್ರಿಗೆ ನೀಲಿ, 700ಕ್ಕೆ ಕೆಂಪು! ಕಸುಬುದಾರ ಎರಡನ್ನೂ ಬಲ್ಲ, ಒಂದಕ್ಕೊಂದು ಬೆರೆಸುವುದಿಲ್ಲ.

ನಕ್ಷತ್ರದ ನೀಲಿ ಯಾವ ಜಾತಿಯದು ಎಂದು ಹೇಗೆ ಗೊತ್ತಾಯಿತು?

ಸಾಕ್ಷಿ ಹೇಳಿದ ಗೆರೆಗಳು

ಉತ್ತರ ಬಣ್ಣದಲ್ಲಿಲ್ಲ, ಬಣ್ಣದ ನಡುವಿನ ಕಪ್ಪು ಗೆರೆಗಳಲ್ಲಿದೆ. ನಕ್ಷತ್ರದ ಬೆಳಕನ್ನು ಬಿಡಿಸಿ ರೋಹಿತವಾಗಿ ಹರಡಿದರೆ ಅಲ್ಲಲ್ಲಿ ಕಪ್ಪು ಗೆರೆಗಳು ಕಾಣುತ್ತವೆ. ಮೇಲಿನ ಪದರದ ಪರಮಾಣುಗಳು ನುಂಗಿದ ಬೆಳಕಿನ ಜಾಗ ಅದು. ಹಾರ್ವರ್ಡ್ ವೀಕ್ಷಣಾಲಯದಲ್ಲಿ ಆ್ಯನಿ ಜಂಪ್ ಕ್ಯಾನನ್ ಲಕ್ಷಗಟ್ಟಲೆ ನಕ್ಷತ್ರಗಳನ್ನು ಈ ಗೆರೆಗಳ ಮೇಲೆ ವಿಂಗಡಿಸಿದರು. ಒ, ಬಿ, ಎ, ಎಫ್, ಜಿ, ಕೆ, ಎಂ ಎಂಬ ಈಗಿನ ಸಾಲು ಅವರದು. ಲುಬ್ಧಕ ಎ, ಸೂರ್ಯ ಜಿ, ರೋಹಿಣಿ ಕೆ, ಆರಿದ್ರೆ ಎಂ. ಆದರೆ ಗೆರೆಗಳು ಯಾಕೆ ಬೇರೆ ಬೇರೆ? ಒಂದೊಂದು ನಕ್ಷತ್ರ ಒಂದೊಂದು ಸರಕಿನಿಂದ ಆಗಿದೆಯೇ?

1920ರಲ್ಲಿ ಕಲ್ಕತ್ತದ ಮೇಘನಾದ ಸಾಹಾ ಬಿಡಿಸಿದರು. ಕಾವು ಏರಿದಂತೆ ಪರಮಾಣುಗಳಿಂದ ಇಲೆಕ್ಟ್ರಾನ್‌ಗಳು ಕಿತ್ತುಹೋಗುತ್ತವೆ. ಎಷ್ಟು ಕಾವಿಗೆ ಎಷ್ಟು ಎಂದು ಅವರ ಸಮೀಕರಣ ಹೇಳುತ್ತದೆ. ಜಲಜನಕದ ಗೆರೆಗಳು ಅತಿ ಗಾಢವಾಗುವುದು ಹತ್ತು ಸಾವಿರ ಕೆಲ್ವಿನ್ ಆಸುಪಾಸಿನಲ್ಲಿ. ಲುಬ್ಧಕನಲ್ಲಿ ಅವು ಎದ್ದು ಕಾಣುತ್ತವೆ. ಆರಿದ್ರೆಯಲ್ಲಿ ಟೈಟಾನಿಯಂ ಆಕ್ಸೈಡಿನ ಅಗಲ ಪಟ್ಟಿಗಳಿವೆ; ಅಣು ಒಡೆಯದೆ ಉಳಿಯುವಷ್ಟು ‘ತಂಪು’ ಇದ್ದರೆ ಮಾತ್ರ ಅವು ಸಾಧ್ಯ. 1925ರಲ್ಲಿ ಸಿಸಿಲಿಯಾ ಪೇಯ್ನ್ ಈ ಸಮೀಕರಣವನ್ನೇ ಹಿಡಿದು ಕ್ಯಾನನ್ ಸಾಲು ನಿಜಕ್ಕೂ ಉಷ್ಣತೆಯ ಸಾಲು, ನಕ್ಷತ್ರಗಳ ಸರಕು ಬಹುಪಾಲು ಒಂದೇ ಎಂದು ತೋರಿಸಿದರು. ಅದರಲ್ಲಿ ಜಲಜನಕವೇ ಅತಿ ಹೆಚ್ಚು ಎಂಬುದೂ ಅವರ ಲೆಕ್ಕದಲ್ಲೇ ಬಂತು. ಬಣ್ಣ ಒಂದು ಸಾಕ್ಷಿ, ಗೆರೆ ಇನ್ನೊಂದು. ಇಬ್ಬರೂ ಒಂದೇ ಕಾವು ಹೇಳಿದರು. ನನ್ನ ತಕರಾರಿನ ಮುಕ್ಕಾಲು ಪಾಲು ಅಲ್ಲಿಗೆ ಬಗೆಹರಿಯಿತು.

ಈ ಕೆಲಸ ನಮ್ಮಿಂದ ದೂರವೇನಿಲ್ಲ. ಬೆಂಗಳೂರು ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯವರು ತಮಿಳುನಾಡಿನ ಕಾವಲೂರಿನ ದೂರದರ್ಶಕಗಳಿಂದ ಇಂಥ ರೋಹಿತಗಳನ್ನು ತೆಗೆಯುತ್ತಾರೆ. ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರ್ ಕನ್ನಡಿಯ ಚಂದ್ರ ದೂರದರ್ಶಕವನ್ನು ಹೊಸಕೋಟೆ ಬಳಿಯ ಕೇಂದ್ರದಲ್ಲಿ ಕೂತೇ ಉಪಗ್ರಹದ ಮೂಲಕ ನಡೆಸುತ್ತಾರೆ.

ಬಣ್ಣ ಹೇಳದ್ದು

ಬಣ್ಣ ಹೇಳುವುದು ಮೇಲ್ಮೈಯ ಕಾವು ಮಾತ್ರ. ಒಳಗಿನದಲ್ಲ: ಸೂರ್ಯನ ಗರ್ಭ ಒಂದೂವರೆ ಕೋಟಿ ಕೆಲ್ವಿನ್. ಗಾತ್ರವೂ ಅಲ್ಲ. ಆರಿದ್ರೆಯ ಒಂದೊಂದು ಚದರ ಮೀಟರ್ ಸೂಸುವ ಶಕ್ತಿ ಸೂರ್ಯನದರ ಆರನೇ ಒಂದು ಪಾಲಿಗಿಂತ ತುಸು ಕಡಿಮೆ; ಕಾವಿನ ನಾಲ್ಕನೇ ಘಾತದ ಲೆಕ್ಕ ಅದು. ಆದರೂ ಅಷ್ಟು ದೂರದಿಂದ ಅಷ್ಟು ಬೆಳಗುತ್ತದೆ ಎಂದರೆ ಮೈ ಅಷ್ಟು ದೊಡ್ಡದು: ಸೂರ್ಯನ ಜಾಗದಲ್ಲಿ ಇಟ್ಟರೆ ಭೂಮಿಯನ್ನೂ ನುಂಗುತ್ತದೆ. ಇದಕ್ಕೆ ತದ್ವಿರುದ್ಧ ಲುಬ್ಧಕನ ಜೊತೆಗಾರ. 1862ರಲ್ಲಿ ಆಲ್ವನ್ ಗ್ರಹಾಂ ಕ್ಲಾರ್ಕ್ ಕಂಡ ಆ ಕುಬ್ಜ ಸುಮಾರು 25,000 ಕೆಲ್ವಿನ್, ಗಾತ್ರ ಭೂಮಿಯಷ್ಟು. ಲುಬ್ಧಕನಿಗಿಂತ ಎಷ್ಟೋ ಬಿಸಿ, ಬರಿಗಣ್ಣಿಗೆ ಕಾಣುವುದೇ ಇಲ್ಲ.

ಮಂಕಾದ ಚಳಿಗಾಲ

2019ರ ಕೊನೆಯಿಂದ 2020ರ ಫೆಬ್ರುವರಿವರೆಗೆ ಆರಿದ್ರೆ ಮಂಕಾಗುತ್ತಾ ಹೋಯಿತು. ಸಾಮಾನ್ಯವಾಗಿ ರೋಹಿಣಿಯನ್ನು ಮೀರಿಸುವ ನಕ್ಷತ್ರ ಆ ಫೆಬ್ರುವರಿಯಲ್ಲಿ ರೋಹಿಣಿಗಿಂತ ಕೆಳಗಿಳಿದಿತ್ತು. ತಣ್ಣಗಾಯಿತೇ? ಎಮಿಲಿ ಲೆವೆಸ್ಕ್ ಮತ್ತು ಫಿಲಿಪ್ ಮಾಸ್ಸಿ ಟೈಟಾನಿಯಂ ಆಕ್ಸೈಡ್ ಪಟ್ಟಿಗಳನ್ನು ಅಳೆದರು: 3,600 ಕೆಲ್ವಿನ್. 2004ರಲ್ಲಿ ಇದ್ದದ್ದು 3,650. ಅಷ್ಟು ಮಂಕಿಗೆ ಇಷ್ಟು ಇಳಿಕೆ ಸಾಲದು. ನಕ್ಷತ್ರವೇ ಉಗುಳಿದ ಅನಿಲ ಅದರ ದಕ್ಷಿಣ ಭಾಗದಲ್ಲಿ ತುಸು ತಂಪಾದ ಜಾಗದ ಮೇಲೆ ಧೂಳಾಗಿ ಕಟ್ಟಿ ಅಡ್ಡ ಬಂದಿತ್ತು ಎಂದು 2021ರಲ್ಲಿ ಚಿತ್ರಸಮೇತ ಪ್ರಕಟವಾಯಿತು. ಧೂಳು ಬೆಳಕನ್ನು ಕುಗ್ಗಿಸುತ್ತದೆ, ಕೆಂಪಾಗಿಸುತ್ತದೆ ಕೂಡ. ನಕ್ಷತ್ರಗಳ ನಡುವಿನ ಬಯಲಿನಲ್ಲೂ ಅಂಥ ಧೂಳಿದೆ ಎಂದು 1930ರಲ್ಲೇ ರಾಬರ್ಟ್ ಟ್ರಂಪ್ಲರ್ ತೋರಿಸಿದ್ದ. ಬಣ್ಣವನ್ನೇ ನಂಬಿ ಕೂತರೆ ಬಿಸಿ ನಕ್ಷತ್ರವನ್ನೂ ತಂಪೆಂದು ಬರೆದುಬಿಡಬಹುದು.

ಕೆರೆ ಏರಿ ಮತ್ತು ಹಳೆಯ ಬರಹ

ಅಗಸ್ತ್ಯನನ್ನು ನೋಡಲು ತೋಟ ಬಿಟ್ಟು ನೊಣವಿನಕೆರೆಯಂಥ ದೊಡ್ಡ ಕೆರೆಯ ಏರಿಗೆ ಬರಬೇಕು. ಫೆಬ್ರುವರಿ ಮೊದಲ ವಾರ ರಾತ್ರಿ ಹತ್ತರ ಹೊತ್ತಿಗೆ ಅದು ನೇರ ದಕ್ಷಿಣದಲ್ಲಿ. ನಮ್ಮ ಅಕ್ಷಾಂಶದಲ್ಲಿ ಎಂದೂ 24 ಡಿಗ್ರಿಗಿಂತ ಮೇಲೇರದು. ನೆತ್ತಿಯ ನಕ್ಷತ್ರಕ್ಕಿಂತ ಸುಮಾರು ಎರಡೂವರೆ ಪಟ್ಟು ಗಾಳಿ ದಾಟಿ ಅದರ ಬೆಳಕು ಬರುತ್ತದೆ. ನೀಲಿ ದಾರಿಯಲ್ಲೇ ಚದುರುತ್ತದೆ. 7,400 ಕೆಲ್ವಿನ್ನಿನ ಬಿಳಿ ನಕ್ಷತ್ರ ಹುಟ್ಟುವಾಗ ಹಳದಿ, ಕೆಲವೊಮ್ಮೆ ಕಿತ್ತಳೆ. ಲುಬ್ಧಕ ಕೂಡ ದಿಗಂತದ ಬಳಿ ಇರುವಾಗ ಕೆಂಪು, ಹಸಿರು, ನೀಲಿ ಎಲ್ಲವನ್ನೂ ಕ್ಷಣಕ್ಷಣಕ್ಕೂ ಮಿನುಗಿಸುತ್ತದೆ.

ಇದರಿಂದ ಒಂದು ಹಳೆಯ ಒಗಟು ನೆನಪಾಗುತ್ತದೆ. ಎರಡನೆಯ ಶತಮಾನದ ಅಲೆಕ್ಸಾಂಡ್ರಿಯಾದಲ್ಲಿ ಟಾಲೆಮಿ ಲುಬ್ಧಕನನ್ನು ಜ್ಯೇಷ್ಠಾ, ರೋಹಿಣಿಗಳ ಜೊತೆ ಕೆಂಪು ಛಾಯೆಯವರ ಪಟ್ಟಿಗೆ ಸೇರಿಸಿದ. ಅವನಿಗೂ ಮುಂಚೆ, ಸುಮಾರು ಕ್ರಿ.ಪೂ. 100ರಲ್ಲಿ, ಚೀನಾದ ಸಿಮಾ ಚಿಯೆನ್ ಬಿಳಿಗೆ ಮಾದರಿಯಾಗಿ ಕೊಟ್ಟದ್ದು ಇದೇ ಲುಬ್ಧಕನನ್ನು. ಲುಬ್ಧಕನಂಥ ನಕ್ಷತ್ರ ಎರಡು ಸಾವಿರ ವರ್ಷದಲ್ಲಿ ಕೆಂಪಿನಿಂದ ಬಿಳಿಗೆ ಬದಲಾಗುವುದು ಲೆಕ್ಕಕ್ಕೆ ಕೂಡದು. ಟಾಲೆಮಿ ನೋಡಿದ್ದು ದಿಗಂತದಲ್ಲೋ, ನಕಲು ಮಾಡಿದವರು ಎಡವಿದರೋ, ಇನ್ನೂ ವಾದ ನಡೆದಿದೆ.

ಆರಿದ್ರೆಯ ಕಥೆ ಬೇರೆ. ಸಿಮಾ ಚಿಯೆನ್ ಕೆಂಪಿಗೆ ಜ್ಯೇಷ್ಠಾ, ನೀಲಿಗೆ ಮಹಾವ್ಯಾಧನ ಒಂದು ಹೆಗಲು, ಹಳದಿಗೆ ಇನ್ನೊಂದು ಹೆಗಲು ಎಂದು ಬರೆದ. ಆ ಹಳದಿ ಹೆಗಲೇ ಆರಿದ್ರೆ. 2022ರಲ್ಲಿ ಜರ್ಮನಿಯ ರಾಲ್ಫ್ ನಾಯ್‌ಹಾಯ್ಸರ್ ತಂಡ ಇಂಥ ಹಳೆಯ ಬರಹಗಳನ್ನು ಒಟ್ಟುಮಾಡಿ, ಎರಡು ಸಾವಿರ ವರ್ಷಗಳಲ್ಲಿ ಆರಿದ್ರೆ ನಿಜಕ್ಕೂ ತಣ್ಣಗಾಗಿದೆ, ಹಳದಿ ಕಡೆಯಿಂದ ಕೆಂಪಿಗೆ ಸರಿದಿದೆ ಎಂದು ವಾದಿಸಿತು. ಬದುಕಿನ ಆ ಘಟ್ಟದಲ್ಲಿ ದೈತ್ಯ ನಕ್ಷತ್ರಗಳು ಅಷ್ಟು ಬೇಗ ಬದಲಾಗಬಲ್ಲವು.

ಆ ವಾದ ಸಾಧ್ಯವಾದದ್ದು ಒಬ್ಬ ಇತಿಹಾಸಕಾರ ಬಣ್ಣದ ಜೊತೆ ನೆರೆಯವರ ಹೆಸರೂ ಬರೆದಿಟ್ಟದ್ದರಿಂದ. ಬರೀ ‘ಹಳದಿ’ ಎಂದಿದ್ದರೆ ಇವತ್ತು ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಹಾಗಾಗಿ ನಾನು ನಕ್ಷತ್ರ ನೋಡಿ ಬರೆದಿಡುವ ಪುಸ್ತಕದಲ್ಲಿ ಇನ್ನು ಮುಂದೆ ಬಣ್ಣದ ಪಕ್ಕ ಮೂರು ಕಲಮು: ಗಂಟೆ, ದಿಗಂತದಿಂದ ಎತ್ತರ, ಯಾವ ನಕ್ಷತ್ರದ ಪಕ್ಕ ಇಟ್ಟು ನೋಡಿದ್ದು. ಆರಿದ್ರೆಗೆ ಮೊದಲ ನಮೂದು: ರೋಹಿಣಿಗಿಂತ ತುಸು ಕೆಂಪು. ಜ್ಯೇಷ್ಠೆಯ ಜೊತೆ ಹೋಲಿಸಲು ಸರಿಯಾದ ದಾರಿಯಿಲ್ಲ. ಒಂದು ಏರುವ ಹೊತ್ತಿಗೆ ಇನ್ನೊಂದು ಮುಳುಗುತ್ತಿರುತ್ತದೆ. ಸಿಮಾ ಚಿಯೆನ್ ಅವೆರಡರ ಬಣ್ಣವನ್ನು ಬೇರೆ ಮಾಡಿದ್ದು ಹೇಗೆ ಎಂಬುದು ಹೊಸ ಪ್ರಶ್ನೆ.